ಸಂಪ್‌ಗೆ ಅಲ್ಟ್ರಾಸಾನಿಕ್, ಸ್ಲಡ್ಜ್‌ಗೆ ಪಾರದರ್ಶಕ ಪೈಪು

ಸಂಪ್‌ನಲ್ಲಿ ನೀರು ಎಷ್ಟಿದೆ ಅಂತ ಅಳೆಯಲು ಯಾವ ಸೆನ್ಸರ್ ಒಳ್ಳೆಯದು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 4-20 ಮಿಲಿಆಂಪ್ ಔಟ್‌ಪುಟ್ (ಖಾಲಿ ಇದ್ದರೆ 4, ಫುಲ್ ಇದ್ದರೆ 20 ಅಂತ ಕರೆಂಟಿನಲ್ಲೇ ಲೆವೆಲ್ ಹೇಳುವುದು) ಇರುವ ಇಂಡಸ್ಟ್ರಿಯಲ್ ಅಲ್ಟ್ರಾಸಾನಿಕ್ ಸೆನ್ಸರಿಗೆ. ಅಲ್ಟ್ರಾಸಾನಿಕ್ ಅಂದರೆ ಮೇಲಿನಿಂದ ಶಬ್ದ ಬಿಟ್ಟು, ಪ್ರತಿಧ್ವನಿ ವಾಪಸ್ ಬರುವ ಸಮಯದಿಂದ ನೀರು ಎಷ್ಟು ಕೆಳಗಿದೆ ಅಂತ ಲೆಕ್ಕ ಹಾಕುವುದು. ಮಂಗಳೂರಿನ ಕದ್ರಿ ಕಡೆಯ ನಮ್ಮ ಅಪಾರ್ಟ್‌ಮೆಂಟಿನ ಸಂಪ್‌ನಲ್ಲಿ ಈಗ ಕೂತಿರುವುದು ಅದೇ. ಅದಕ್ಕೂ ಮುಂಚೆ ಇದ್ದದ್ದು ಜೆಎಸ್‌ಎನ್ ಅನ್ನುವ ಕಮ್ಮಿ ರೇಟಿನ ಅಲ್ಟ್ರಾಸಾನಿಕ್ ಮಾಡ್ಯೂಲ್. ಕಾರಿನ ಹಿಂದಿನ ಬಂಪರಿನಲ್ಲಿ ಪಾರ್ಕಿಂಗ್ ಸೆನ್ಸರ್ ಇರುತ್ತದಲ್ಲ, ಬಟನ್ನಿನ ಥರ, ಅಂಥದ್ದೇ. ಕೆಲವೇ ನೂರು ರೂಪಾಯಿ. ಪರಿಚಯದ ಹುಡುಗರು ಬೋರ್ಡು, ಸ್ಕ್ರೀನು ಸೇರಿಸಿ ಒಂದು ಡಬ್ಬಿ ಮಾಡಿಕೊಟ್ಟಿದ್ದರು. ಎಸ್‌ಟಿಪಿಯ (ಕೊಳಚೆ ನೀರು ಶುದ್ಧ ಮಾಡುವ ಘಟಕದ) ಸ್ಲಡ್ಜ್, ಅಂದರೆ ತಳದಲ್ಲಿ ಕೂರುವ ಕೆಸರು ಅಳೆಯಲು ಬೇರೊಂದು ಅಲ್ಟ್ರಾಸಾನಿಕ್ ಮೀಟರನ್ನೂ ಡೆಮೊಗೆ ತರಿಸಿ ನೋಡಿದೆವು.

ಇಷ್ಟು ಮಳೆ ಬೀಳುವ ಊರಿನಲ್ಲಿ ಇದೆಲ್ಲ ಯಾಕೆ ಅಂತ ಕೇಳಬೇಡಿ. ಊರಿಗೆ ನೀರು ಕೊಡುವ ತುಂಬೆ ಅಣೆಕಟ್ಟಿನಲ್ಲಿ ನೇತ್ರಾವತಿ ತಗ್ಗಿದರೆ ನಲ್ಲಿ ನೀರಿಗೆ ರೇಷನ್. 2019ರ ಬೇಸಿಗೆಯಲ್ಲಿ ಹಾಗೇ ಆಯಿತು, 2023ರಲ್ಲೂ ಆಯಿತು. ಆಗ ಟ್ಯಾಂಕರಿಗೆ ಇವತ್ತೇ ಫೋನ್ ಮಾಡಬೇಕೋ, ನಾಳೆ ಸಾಕೋ ಅನ್ನುವುದು ಸಂಪ್ ಲೆವೆಲ್ ನೋಡಿಯೇ ಗೊತ್ತಾಗಬೇಕು.

ಕಮ್ಮಿ ರೇಟಿನ ಮಾಡ್ಯೂಲು ತಲೆ ತಿಂದದ್ದು ಒಂದೇ ವಿಷಯಕ್ಕೆ: ನೀರಿನ ಹನಿ. ಮಳೆಗಾಲದಲ್ಲಿ ಮುಚ್ಚಿದ ಸಂಪ್‌ನೊಳಗೆ ತೇವ ತುಂಬಿಕೊಂಡಿರುತ್ತದೆ. ಮುಚ್ಚಳ ಎತ್ತಿ ಟಾರ್ಚ್ ಬಿಟ್ಟು ನೋಡಿದರೆ ಸೆನ್ಸರಿನ ಮುಖದ ನಟ್ಟ ನಡುವೆ ಒಂದು ದಪ್ಪ ಹನಿ ಜೋತಾಡುತ್ತಿರುತ್ತದೆ. ಒರೆಸಿ ಇಟ್ಟರೆ ಸರಿ, ಬೆಳಗಾದರೆ ಮತ್ತೆ ಹಾಜರ್. ಹನಿ ಕೂತಾಗ ಶಬ್ದ ಅಲ್ಲೇ ಸತ್ತು ಹೋಗುತ್ತದೆ, ಕೆಳಗಿನಿಂದ ಪ್ರತಿಧ್ವನಿ ಬರುವುದಿಲ್ಲ. ಪ್ರತಿಧ್ವನಿ ಬರದಿದ್ದರೆ ಡಬ್ಬಿಯೊಳಗಿನ ಪ್ರೋಗ್ರಾಮಿಗೆ ಸಿಗುವುದು ಸೊನ್ನೆ. ದೂರ ಸೊನ್ನೆ ಅಂದರೆ ನೀರು ಸೆನ್ಸರ್ ತನಕ ಬಂದಿದೆ ಅಂತ ಲೆಕ್ಕ. ಸ್ಕ್ರೀನಿನಲ್ಲಿ 100 ಪರ್ಸೆಂಟ್, ಮೇಲೆ ಮೋಟಾರ್ ಬರೀ ಗಾಳಿ ಎಳೆಯುತ್ತಿದೆ! ನಮ್ಮ ಪಂಪ್ ನೋಡುವವರು ಕೆಳಗಿಂದಲೇ ಕೂಗಿ ಹೇಳಿದ್ದರು, "ಟ್ಯಾಂಕಿ ಫುಲ್ ಉಂಟು ಸರ್, ನೀರು ಮಾತ್ರ ಇಲ್ಲ."

ಮುಖಕ್ಕೆ ಕಾರಿನ ವ್ಯಾಕ್ಸ್ ಹಚ್ಚಿದೆವು. ಸ್ವಲ್ಪ ದಿನ ನಡೆಯಿತು. ಸಂಪ್‌ಗೆ ಜಾಲರಿ ಕಟ್ಟಿದ ಗಾಳಿ ಪೈಪು ಇಟ್ಟೆವು, ಅದರಿಂದ ನಿಜಕ್ಕೂ ಉಪಯೋಗ ಆಯಿತು. ಆದರೂ ಹನಿ ಪೂರ್ತಿ ನಿಲ್ಲಲಿಲ್ಲ. ಸೆನ್ಸರನ್ನು ಓರೆ ಮಾಡಿದರೆ ಹನಿ ಜಾರಬಹುದು, ಆದರೆ ಪ್ರತಿಧ್ವನಿಯೂ ಬೇರೆ ಕಡೆ ಜಾರುತ್ತದೆ. ನೀರಿಗೆ ನೇರ ನೋಡುತ್ತಿರಲೇಬೇಕು.

ಇಂಡಸ್ಟ್ರಿಯಲ್ ಸೆನ್ಸರಿಗೆ ಹನಿ ಕೂರುವುದೇ ಇಲ್ಲ ಅಂತಲ್ಲ. ಅದರ ಮುಖ ಜೋರಾಗಿ ನಡುಗುತ್ತದೆ, ಸಣ್ಣ ಹನಿಗಳನ್ನು ಕೊಡವಿಬಿಡುತ್ತದೆ. ಅದಕ್ಕಿಂತ ಮುಖ್ಯ, ಪ್ರತಿಧ್ವನಿ ತಪ್ಪಿದರೆ ಕರೆಂಟು ಎಷ್ಟಕ್ಕೆ ಹೋಗಬೇಕು ಅಂತ ನಾವೇ ಸೆಟ್ ಮಾಡಬಹುದು. ನಾನು 4ಕ್ಕಿಂತ ಕೆಳಗೆ ಹೋಗುವಂತೆ ಇಟ್ಟಿದ್ದೇನೆ. ಸಂಶಯ ಬಂದರೆ ಮೋಟಾರ್ ನಿಲ್ಲುತ್ತದೆ. ನನಗೆ ಇದೊಂದಕ್ಕೇ ಕೊಟ್ಟ ದುಡ್ಡು ಸಾರ್ಥಕ.

ಕ್ಯಾಲಿಬ್ರೇಷನ್‌ಗೆ ಸಂಪ್ ಖಾಲಿ ಮಾಡಬೇಕಾಗಿಲ್ಲ. ಸೆನ್ಸರಿನ ಮುಖದಿಂದ ತಳದ ತನಕ ಟೇಪ್ ಇಳಿಸಿ ಅಳೆಯಿರಿ, ಅದು 4 ಮಿಲಿಆಂಪ್. ಫುಲ್ ಲೆವೆಲ್ ತನಕ ಎಷ್ಟು ದೂರವೋ ಅದು 20. ಪ್ಲಾನಿನಲ್ಲಿ ಬರೆದ ಆಳ ನಂಬಬೇಡಿ. ಹಾಕುವ ಮೊದಲು ಅಂಗಳದಲ್ಲಿ ಗೋಡೆಗೆ ನೇರ ಹಿಡಿದು ಎರಡು ದೂರಗಳ ನಡುಮಧ್ಯಕ್ಕೆ ಮಲ್ಟಿಮೀಟರಿನಲ್ಲಿ 12 ಬರುತ್ತದಾ ನೋಡಿ. ಮುಖದ ಹತ್ತಿರದ ಸುಮಾರು 25-30 ಸೆಂಟಿಮೀಟರ್ ಅದಕ್ಕೆ ಕಾಣುವುದೇ ಇಲ್ಲ. ನೀರು ಅಲ್ಲಿ ತನಕ ಏರಬಾರದು. ನಮ್ಮ ಓವರ್‌ಹೆಡ್ ಟ್ಯಾಂಕಿನಲ್ಲಿ ಓವರ್‌ಫ್ಲೋ ಪೈಪು ಸ್ಲ್ಯಾಬಿಗೆ ತೀರಾ ಹತ್ತಿರ ಇತ್ತು. 6 ಇಂಚಿನ ಪಿವಿಸಿಯ ಗಿಡ್ಡ ತುಂಡು ನಿಲ್ಲಿಸಿ ಅದರ ಮೇಲೆ ಸೆನ್ಸರ್ ಕೂರಿಸಿದೆವು. ತುಂಡಿನ ಒಳ ಅಂಚು ಉಜ್ಜಿ ನುಣುಪು ಮಾಡಬೇಕು, ಇಲ್ಲದಿದ್ದರೆ ಅಂಚನ್ನೇ ನೀರು ಅಂತ ತಿಳಿಯುತ್ತದೆ.

ಸಂಪ್‌ನೊಳಗಿನ ಕಬ್ಬಿಣದ ಮೆಟ್ಟಿಲು, ಸಕ್ಷನ್ ಪೈಪು, ನೀರು ಬೀಳುವ ಜಾಗ, ಇವೆಲ್ಲದರಿಂದ ದೂರ ಇಡಿ. ಶಬ್ದ ಕೆಳಗೆ ಹೋದಂತೆ ಅಗಲವಾಗುತ್ತದೆ. ಬರೀ 10 ಡಿಗ್ರಿ ಕೋನಕ್ಕೆ ಹರಡುವ ಸೆನ್ಸರ್ ಆದರೂ 3 ಮೀಟರ್ ಕೆಳಗೆ ಅರ್ಧ ಮೀಟರ್ ಜಾಗ ಬೇಕು. ಜೆಎಸ್‌ಎನ್ ಇನ್ನೂ ಅಗಲಕ್ಕೆ ಹರಡುತ್ತದೆ, ಮೆಟ್ಟಿಲಿಗೇ ಬಡಿದು ವಾಪಸ್.

ಬಿಸಿಲಿನ ವಿಷಯವೂ ಉಂಟು. ಗಾಳಿಯಲ್ಲಿ ಶಬ್ದದ ವೇಗ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 343 ಮೀಟರ್, 40ರಲ್ಲಿ ಸುಮಾರು 355. ಹುಡುಗರು ಮಾಡಿಕೊಟ್ಟ ಆ ಡಬ್ಬಿಯ ಪ್ರೋಗ್ರಾಮಿನಲ್ಲಿ 343 ಅಂತ ಬರೆದು ಬಿಟ್ಟಿದ್ದರು. ಏಪ್ರಿಲ್ ಮಧ್ಯಾಹ್ನ 2 ಮೀಟರ್ ಕೆಳಗಿರುವ ನೀರನ್ನು ಹೆಚ್ಚುಕಡಿಮೆ 7 ಸೆಂಟಿಮೀಟರ್ ಮೇಲೆ ತೋರಿಸುತ್ತಿತ್ತು. ದೊಡ್ಡ ಸೆನ್ಸರಿನ ಒಳಗೆ ಉಷ್ಣತೆ ಸರಿಪಡಿಸುವ ವ್ಯವಸ್ಥೆ ಇದೆ. ಆದರೆ ಅದರ ತಲೆಯೇ ಬಿಸಿಲಿಗೆ ಕಾದರೆ ಅದೂ ಸುಳ್ಳು ಹೇಳುತ್ತದೆ. ಮೇಲೊಂದು ನೆರಳು ಕೊಡಿ.

ನೀರೊಳಗೆ ಇಳಿಬಿಡುವ ಪ್ರೆಶರ್ ಸೆನ್ಸರ್ ಬಾವಿಗೆ ಒಳ್ಳೆಯದು. ಕೇಬಲಿನೊಳಗಿನ ಗಾಳಿಕೊಳವೆಗೆ ತೇವ ಹೋಗದಂತೆ ಕಾಯಬೇಕು ಅಷ್ಟೇ.

ಇನ್ನು ಸ್ಲಡ್ಜ್. ಈ ಮೀಟರಿನ ಮುಖ ನೀರಲ್ಲಿ ಮುಳುಗಿರಬೇಕು. ಶಬ್ದ ಇಲ್ಲಿ ನೀರೊಳಗೇ ಹೋಗುತ್ತದೆ, ಸೆಕೆಂಡಿಗೆ ಸುಮಾರು 1,500 ಮೀಟರ್. ದೊಡ್ಡ ಕ್ಲಾರಿಫೈಯರ್ (ಕೆಸರು ತಳಕ್ಕೆ ಕೂರಲು ಬಿಡುವ ಟ್ಯಾಂಕಿ) ಇರುವಲ್ಲಿ ಚೆನ್ನಾಗಿ ನಡೆಯುತ್ತದೆ. ನಮ್ಮದು ಸಣ್ಣದು, ತಳ ಇಳಿಜಾರು, ಅಲ್ಲಿ ಗಾಳಿಗುಳ್ಳೆ ಬೇರೆ ಏಳುತ್ತಿರುತ್ತದೆ. ಗುಳ್ಳೆ ಬಂದರೆ ಶಬ್ದ ದಾಟುವುದಿಲ್ಲ. ಮೇಲೆ ತೇಲುವ ಹಗುರ ಪದರವನ್ನು ಸ್ಲಡ್ಜ್ ಅನ್ನಬೇಕೋ, ಕೆಳಗಿನ ಗಟ್ಟಿಯನ್ನು ಅನ್ನಬೇಕೋ ಅಂತ ಮೀಟರಿಗೆ ನಾವೇ ಹೇಳಿಕೊಡಬೇಕು. ಹೇಳಿಕೊಡಲು ಡೆಮೊಗೆ ಬಂದವರು ಬ್ಯಾಗಿನಿಂದ ತೆಗೆದದ್ದೇನು? ತಳಕ್ಕೆ ವಾಲ್ವ್ ಇರುವ ಅಕ್ರಿಲಿಕ್ ಪೈಪು! ನಿಧಾನಕ್ಕೆ ಇಳಿಸಿ, ಎತ್ತಿದರೆ ಕೆಳಗೆ ಕರಿ, ಮೇಲೆ ತಿಳಿ, ಕಣ್ಣಿಗೆ ಕಾಣುತ್ತದೆ. ಮೀಟರಿನ ರೇಟು ಲಕ್ಷದ ಲೆಕ್ಕ. ನಾವು ಪೈಪು ಇಟ್ಟುಕೊಂಡೆವು, ಮೀಟರ್ ವಾಪಸ್ ಕಳಿಸಿದೆವು. ನಮ್ಮ ಆಪರೇಟರ್ ದಿನಾ ಅಲ್ಲೇ ಇರುತ್ತಾರೆ, ಅವರಿಗೆ ಇದು ಕಾಫಿಗೆ ಹೋಗುವ ಮುಂಚಿನ ಕೆಲಸ.

ಸಂಪ್ ಸೆನ್ಸರಿನ ಐದಂಕಿ ಬಿಲ್ಲು ಫ್ಲ್ಯಾಟುಗಳಿಗೆ ಹಂಚಿಹೋದ ಕಾರಣ ಯಾರೂ ಗೊಣಗಲಿಲ್ಲ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕದೆ ಮಾತ್ರ ಇಡಬೇಡಿ ಮಾರ್ರೆ, ಮೇ ತಿಂಗಳು ದಾಟುವುದಿಲ್ಲ. ಒಂಟಿ ಮನೆ, 1,000 ಲೀಟರಿನ ಪ್ಲಾಸ್ಟಿಕ್ ಟ್ಯಾಂಕಿ ಅಂದರೆ ಇದ್ಯಾವುದೂ ಬೇಡ. ಫ್ಲೋಟ್ ಸ್ವಿಚ್ ಸಾಕು. ಆಗಾಗ ಕೈಯಲ್ಲಿ ಎತ್ತಿ ನೋಡಿ, ಮೋಟಾರ್ ಆಫ್ ಆಗುತ್ತದೋ ಇಲ್ಲವೋ ಅಂತ.