ಜೊಟೆರೊ: ಆಕರಗಳ ಲೆಕ್ಕ ಇಡುವುದನ್ನು ವಿದ್ಯಾರ್ಥಿಗೆ ಕಲಿಸುವ ತಂತ್ರಾಂಶ

ಕಾಲೇಜು ವಿದ್ಯಾರ್ಥಿಗಳ ಸಂಪ್ರಬಂಧಗಳನ್ನು ತಿದ್ದುವ ಅಧ್ಯಾಪಕರಿಗೆಲ್ಲ ಪರಿಚಿತವಾದ ತೊಂದರೆಯೊಂದಿದೆ. ಬರಹದ ಕೊನೆಯಲ್ಲಿ ಉದ್ದನೆಯ ಗ್ರಂಥಸೂಚಿ ಇರುತ್ತದೆ, ಆದರೆ ಒಳಗಿನ ಯಾವ ಮಾತು ಯಾವ ಆಕರದಿಂದ ಬಂತೆಂದು ಕೇಳಿದರೆ ಬರೆದವರಿಗೇ ಹೇಳಲು ಬರುವುದಿಲ್ಲ. ಓದುವಾಗ ಏನನ್ನೂ ಗುರುತು ಹಾಕಿಕೊಳ್ಳದೆ, ಬರೆದು ಮುಗಿಸಿದ ಮೇಲೆ ಪಟ್ಟಿ ಜೋಡಿಸುವ ಅಭ್ಯಾಸದ ಫಲ ಇದು. ಜೊಟೆರೊ ಎಂಬ ಉಚಿತ ತಂತ್ರಾಂಶವನ್ನು ಈ ತೊಂದರೆಯನ್ನು ಮುಂದಿಟ್ಟುಕೊಂಡೇ ಇಲ್ಲಿ ಪರಿಶೀಲಿಸಿದ್ದೇನೆ. ಗ್ರಂಥಸೂಚಿಯನ್ನು ತಾನಾಗಿ ಸಿದ್ಧಪಡಿಸುತ್ತದೆ ಎಂಬ ಕಾರಣಕ್ಕೆ ಇದನ್ನು ಮೆಚ್ಚುವವರು ಬಹಳ. ಆದರೆ ಕಲಿಯುವವರ ಮಟ್ಟಿಗೆ ಅದಕ್ಕಿಂತ ದೊಡ್ಡ ಪ್ರಯೋಜನ ಇದರಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಮೆರಿಕದ ಜಾರ್ಜ್ ಮೇಸನ್ ವಿಶ್ವವಿದ್ಯಾಲಯದ ಇತಿಹಾಸ ಮತ್ತು ನವಮಾಧ್ಯಮ ಕೇಂದ್ರವು 2006ರಲ್ಲಿ ಇದನ್ನು ಫೈರ್‌ಫಾಕ್ಸ್ ಬ್ರೌಸರಿಗೆ ಸೇರಿಸಿಕೊಳ್ಳುವ ಒಂದು ವಿಸ್ತರಣೆಯಾಗಿ ಹೊರತಂದಿತು. ಈಗ ಅದು ಬ್ರೌಸರಿನ ಹಂಗಿಲ್ಲದೆ ನಡೆಯುವ ಮುಕ್ತ ಆಕರದ (ಓಪನ್ ಸೋರ್ಸ್) ತಂತ್ರಾಂಶವಾಗಿದೆ. ಕಂಪ್ಯೂಟರಿನಲ್ಲಿ ಅಳವಡಿಸಿಕೊಂಡ ಮೇಲೆ ಬ್ರೌಸರಿನಲ್ಲೂ ಒಂದು ಸಣ್ಣ ಗುಂಡಿಯನ್ನು ಸೇರಿಸಿಕೊಳ್ಳಬೇಕಾಗುತ್ತದೆ. ತೆರೆದಿರುವ ಪುಟ ಎಂಥದ್ದು ಎಂಬುದಕ್ಕೆ ತಕ್ಕಂತೆ ಆ ಗುಂಡಿಯ ಚಿತ್ರ ಬದಲಾಗುತ್ತದೆ: ಸಂಶೋಧನಾ ಲೇಖನವಾದರೆ ಹಾಳೆ, ಪುಸ್ತಕವಾದರೆ ಪುಸ್ತಕ, ಹುಡುಕಾಟದ ಫಲಿತಾಂಶಗಳ ಪಟ್ಟಿಯಾದರೆ ಫೋಲ್ಡರ್. ಒಮ್ಮೆ ಒತ್ತಿದರೆ ಲೇಖಕರ ಹೆಸರು, ಶೀರ್ಷಿಕೆ, ನಿಯತಕಾಲಿಕ, ಸಂಪುಟ, ವರ್ಷ, ಡಿಒಐ ಸಂಖ್ಯೆ (ಪ್ರಕಟವಾದ ಲೇಖನಕ್ಕೆ ಕೊಡುವ ಕಾಯಂ ಗುರುತುಸಂಖ್ಯೆ) ಎಲ್ಲವೂ ತಮ್ಮ ತಮ್ಮ ಅಂಕಣಗಳಲ್ಲಿ ಬಂದು ಕೂರುತ್ತವೆ.

ಪಾಠ ಶುರುವಾಗುವುದು ಈ ಅಂಕಣಗಳಿಂದಲೇ. ಯಾರು ಬರೆದರೆಂಬುದೇ ಗೊತ್ತಿಲ್ಲದ ಜಾಲಪುಟವೊಂದನ್ನು ಉಳಿಸಿಕೊಂಡಾಗ ಶೀರ್ಷಿಕೆ, ವಿಳಾಸ ಮತ್ತು ನೋಡಿದ ದಿನಾಂಕ ಮಾತ್ರ ತುಂಬಿಕೊಂಡು, ಲೇಖಕರ ಅಂಕಣವೂ ಪ್ರಕಟಣೆಯ ದಿನಾಂಕದ ಅಂಕಣವೂ ಖಾಲಿ ಉಳಿಯುತ್ತವೆ. ಬರೆದವರು ಯಾರು, ಯಾವಾಗ, ಯಾವ ಅಧಿಕಾರದಿಂದ ಎಂಬ ಪ್ರಶ್ನೆಗಳನ್ನು ಕಪ್ಪುಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದ ವಿದ್ಯಾರ್ಥಿಗೆ, ತಾನೇ ಆರಿಸಿಕೊಂಡ ಆಕರದ ಎದುರು ಹೀಗೆ ಖಾಲಿ ಬಿದ್ದಿರುವ ಜಾಗ ಆ ಪ್ರಶ್ನೆಗಳನ್ನು ನೇರವಾಗಿ ಕೇಳುತ್ತದೆ.

ಇನ್ನೊಂದು ಸೌಲಭ್ಯವನ್ನು ಪ್ರತಿಯೊಬ್ಬ ಅಧ್ಯಾಪಕರೂ ತರಗತಿಯಲ್ಲಿ ತೋರಿಸಬೇಕೆಂದು ನನ್ನ ಆಸೆ. ದಡಾರ, ಮಂಗನಬಾವು, ರುಬೆಲ್ಲಾಗಳಿಗೆ ಕೊಡುವ ಎಂಎಂಆರ್ ಲಸಿಕೆಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದ ಲೇಖನವೊಂದು 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿ, 2010ರಲ್ಲಿ ಆ ಪತ್ರಿಕೆಯೇ ಅದನ್ನು ಹಿಂಪಡೆಯಿತು. ಅಂಥ ಲೇಖನದ ಡಿಒಐ ಸಂಖ್ಯೆಯನ್ನು ಜೊಟೆರೊದ ಗುರುತುಸಂಖ್ಯೆಯ ಪೆಟ್ಟಿಗೆಯಲ್ಲಿ ಹಾಕಿ ಸೇರಿಸಿದರೆ, ಇದು ಹಿಂಪಡೆದ ಲೇಖನ ಎಂಬ ಕೆಂಪು ಪಟ್ಟಿ ದಾಖಲೆಯ ನೆತ್ತಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಬರಹದಲ್ಲಿ ಅದನ್ನು ಉಲ್ಲೇಖಿಸಲು ಹೊರಟರೆ ಮತ್ತೊಮ್ಮೆ ಎಚ್ಚರಿಸುತ್ತದೆ. ಹಿಂಪಡೆದ ಲೇಖನಗಳ ಪಟ್ಟಿ ಇಡುವ ರಿಟ್ರಾಕ್ಷನ್ ವಾಚ್‌ನ ದತ್ತಾಂಶವನ್ನು ಬಳಸಿಕೊಳ್ಳುವ ಈ ವ್ಯವಸ್ಥೆ 2019ರಿಂದ ಇದೆ. ಪ್ರಕಟವಾದದ್ದೆಲ್ಲ ಸತ್ಯ ಎಂಬ ನಂಬಿಕೆಯನ್ನು ಅಲುಗಿಸಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ. ಚಾಟ್‌ಬಾಟ್‌ಗಳು ಕಟ್ಟಿಕೊಡುವ ಉಲ್ಲೇಖಗಳನ್ನು ಪರೀಕ್ಷಿಸಲೂ ಇದೇ ಗುರುತುಸಂಖ್ಯೆಯ ಪೆಟ್ಟಿಗೆ ನೆರವಾಗುತ್ತದೆ: ಸಂಖ್ಯೆ ಹುಸಿಯಾಗಿದ್ದರೆ ದಾಖಲೆ ಸಿಗುವುದಿಲ್ಲ. ಆದರೆ ಅಷ್ಟಕ್ಕೇ ನಿಲ್ಲಬಾರದು. ಸಂಖ್ಯೆ ನಿಜವಿದ್ದು ಬೇರೆಯದೇ ಲೇಖನ ಬರಬಹುದು, ಹಳೆಯ ಪುಸ್ತಕಗಳಿಗೆ ಡಿಒಐ ಇಲ್ಲದೆಯೂ ಇರಬಹುದು. ಆದ್ದರಿಂದ ಬಂದ ಶೀರ್ಷಿಕೆಯನ್ನು ಕೇಳಿದ ಶೀರ್ಷಿಕೆಯ ಜೊತೆ ಹೋಲಿಸಿ ನೋಡುವ ಕೆಲಸ ವಿದ್ಯಾರ್ಥಿಯದೇ.

2022ರ ಆರನೇ ಆವೃತ್ತಿಯಿಂದ ಪಿಡಿಎಫ್ ಓದುವ ಕಿಟಕಿ ಒಳಗೇ ಬಂದಿದೆ. 2024ರ ಏಳನೆಯದು ಇಪಬ್ ಮಾದರಿಯ ಇ-ಪುಸ್ತಕಗಳನ್ನೂ ಉಳಿಸಿಟ್ಟ ಜಾಲಪುಟಗಳನ್ನೂ ತೆರೆಯುತ್ತದೆ. ಓದುತ್ತ ಬಣ್ಣ ಹಚ್ಚಿದ ಸಾಲುಗಳನ್ನೆಲ್ಲ ಒಂದು ಟಿಪ್ಪಣಿಯಾಗಿ ತೆಗೆದರೆ, ಪ್ರತಿ ಸಾಲಿನ ಮುಂದೆ ಲೇಖಕರ ಹೆಸರು ಮತ್ತು ಪುಟಸಂಖ್ಯೆ ಇರುತ್ತವೆ, ಅಲ್ಲಿಂದ ಮೂಲದ ಅದೇ ಪುಟಕ್ಕೆ ಮರಳಿ ಹೋಗಬಹುದು. ಕೃತಿಚೌರ್ಯದ ಪ್ರಕರಣಗಳಲ್ಲಿ ಕೆಲವಾದರೂ ಕೆಟ್ಟ ಉದ್ದೇಶದಿಂದ ಆದವಲ್ಲ. ತನ್ನ ಮಾತು ಯಾವುದು, ನಕಲಿಸಿಕೊಂಡದ್ದು ಯಾವುದು ಎಂಬುದು ಟಿಪ್ಪಣಿಯಲ್ಲೇ ಬೆರೆತುಹೋದದ್ದರಿಂದ ಆದವು. ಈ ಬೆರಕೆಯನ್ನು ಮೂಲದಲ್ಲೇ ತಡೆಯುವುದರಿಂದ ನಾನು ಈ ಸೌಲಭ್ಯಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚಿನ ಅಂಕ ಕೊಡುತ್ತೇನೆ.

ವರ್ಡ್, ಲಿಬ್ರೆಆಫೀಸ್, ಗೂಗಲ್ ಡಾಕ್ಸ್ ಮೂರರಲ್ಲೂ ಉಲ್ಲೇಖ ಸೇರಿಸುವುದು ಸುಲಭ. ಉಲ್ಲೇಖಗಳನ್ನು ಎಪಿಎ ಎಂಬ ಶೈಲಿಯಿಂದ ಎಂಎಲ್‌ಎ ಎಂಬ ಶೈಲಿಗೆ ಬದಲಿಸಲು ಕ್ಷಣ ಸಾಕು.

ಕೊರತೆಗಳೂ ಇವೆ. ಜಾಲತಾಣ ಕೊಟ್ಟ ಮಾಹಿತಿಯನ್ನೇ ಜೊಟೆರೊ ಎತ್ತಿಕೊಳ್ಳುವುದರಿಂದ ಹೆಸರಿನ ಹಿಂದುಮುಂದು, ಇಡೀ ದೊಡ್ಡಕ್ಷರದಲ್ಲಿರುವ ಇಂಗ್ಲಿಷ್ ಶೀರ್ಷಿಕೆ, ಬಿಟ್ಟುಹೋದ ಪುಟಸಂಖ್ಯೆ ಹಾಗೆಯೇ ಗ್ರಂಥಸೂಚಿಗೆ ಇಳಿಯುತ್ತವೆ. ಸ್ಕ್ಯಾನ್ ಮಾಡಿದ ಹಳೆಯ ಪಿಡಿಎಫ್ ಕೊಟ್ಟರೆ ಎಷ್ಟೋ ವೇಳೆ ಏನನ್ನೂ ಗುರುತಿಸುವುದಿಲ್ಲ. ಇದಕ್ಕಿಂತ ಗಂಭೀರವಾದದ್ದೆಂದರೆ, ಹಣ ಪಡೆದು ಪರಿಶೀಲನೆಯಿಲ್ಲದೆ ಲೇಖನ ಹಾಕುವ ನಿಯತಕಾಲಿಕವನ್ನೂ ಒಳ್ಳೆಯ ನಿಯತಕಾಲಿಕವನ್ನೂ ಅದು ಒಂದೇ ಅಂದದಲ್ಲಿ ಜೋಡಿಸಿಡುತ್ತದೆ. ಅಚ್ಚುಕಟ್ಟಾದ ಪಟ್ಟಿ ಕಂಡು ವಿದ್ಯಾರ್ಥಿಯೂ ಮಾರ್ಗದರ್ಶಕರೂ ಮೋಸಹೋಗುವ ಅಪಾಯ ನಿಜವಾಗಿಯೂ ಇದೆ. ಇದನ್ನು ಕಲಿಸುವವರು ಗ್ರಂಥಪಾಲಕರನ್ನು ಜೊತೆಗಿಟ್ಟುಕೊಂಡು ಆಕರಗಳ ಮೌಲ್ಯಮಾಪನವನ್ನು ಬೇರೆಯಾಗಿಯೇ ಹೇಳಿಕೊಡಬೇಕು.

ತರಗತಿಗೆಂದು ಗುಂಪು ಸಂಗ್ರಹ ತೆರೆದರೆ ಯಾರು ಏನನ್ನು, ಯಾವ ದಿನ ಸೇರಿಸಿದರೆಂದು ಅಧ್ಯಾಪಕರು ನೋಡಬಹುದು; ಹುಡುಕಾಟ ಹೇಗೆ ಸಾಗಿದೆ ಎಂಬುದು ಸಂಪ್ರಬಂಧ ಕೈಸೇರುವ ಮೊದಲೇ ತಿಳಿಯುತ್ತದೆ. ಆಕರಗಳ ವಿವರವಿರುವ ದಾಖಲೆಗಳನ್ನು ಸಿಂಕ್ ಮಾಡಲು (ಜಾಲದ ಮೂಲಕ ಎಲ್ಲ ಕಂಪ್ಯೂಟರುಗಳಲ್ಲೂ ಒಂದೇ ರೀತಿ ಇರಿಸಲು) ಮಿತಿಯಿಲ್ಲ, ಆದರೆ ಪಿಡಿಎಫ್‌ನಂಥ ಕಡತಗಳಿಗೆ ಉಚಿತವಾಗಿ ಸಿಗುವುದು 300 ಎಂಬಿ ಮಾತ್ರ, ಗುಂಪಿನ ಕಡತಗಳೆಲ್ಲ ಗುಂಪು ತೆರೆದವರ ಲೆಕ್ಕಕ್ಕೇ ಸೇರುತ್ತವೆ. ಹಾಗಾಗಿ ಗುಂಪಿನಲ್ಲಿ ದಾಖಲೆಗಳನ್ನಷ್ಟೇ ಇಟ್ಟು ಪಿಡಿಎಫ್‌ಗಳನ್ನು ತಮ್ಮ ತಮ್ಮ ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಲು ಹೇಳುವುದು ಒಳ್ಳೆಯದು. ಸ್ವಂತ ಕಂಪ್ಯೂಟರ್ ಇಲ್ಲದವರಿಗೆ ಖಾತೆಯನ್ನೂ ಕೇಳದ ಜೊಟೆರೊಬಿಬ್ ಎಂಬ ಜಾಲತಾಣವನ್ನು ಇದೇ ತಂಡ ನಡೆಸುತ್ತಿದೆ. ಅದರಲ್ಲಿ ಪಿಡಿಎಫ್ ಓದುವ, ಟಿಪ್ಪಣಿ ತೆಗೆಯುವ ಅನುಕೂಲ ಇಲ್ಲದಿರುವುದರಿಂದ ನಾಲ್ಕೈದು ಪುಟದ ಬರಹಕ್ಕೆ ಅದು ಸಾಕು, ಸಂಪ್ರಬಂಧಕ್ಕೆ ಸಾಲದು.