ಎಲ್‌ಎಲ್‌ಸಿ ತಿದ್ದುಪಡಿ: ಟೆಕ್ಸಾಸ್, ಕ್ಯಾಲಿಫೋರ್ನಿಯ, ಡೆಲವೇರ್ ಪಕ್ಕಪಕ್ಕದಲ್ಲಿ

ಎಲ್‌ಎಲ್‌ಸಿಯಲ್ಲಿ, ಅಂದರೆ ಅಮೆರಿಕದ ಸೀಮಿತ ಹೊಣೆಯ ಕಂಪನಿಯಲ್ಲಿ, ಏನೋ ಬದಲಾಯಿತು ಅಂದ ಕೂಡಲೇ ಎಲ್ಲರೂ ಹುಡುಕುವುದು ತಿದ್ದುಪಡಿ ಫಾರಂ. ಅದಕ್ಕೂ ಮೊದಲು ಕಂಪನಿ ತೆರೆದಾಗ ರಾಜ್ಯಕ್ಕೆ ಕೊಟ್ಟ ಮೂಲ ಪತ್ರವನ್ನು ತೆಗೆದು ಓದಿ. ಅದರಲ್ಲಿ ಬರೆದದ್ದು ಬದಲಾಗಿದ್ದರೆ ಮಾತ್ರ ತಿದ್ದುಪಡಿಯ ಮಾತು. ಅದರಲ್ಲಿ ಇಲ್ಲದ ಸಂಗತಿಗೆ ಬೇರೆ ದಾರಿ ಇರುತ್ತದೆ, ಸಾಮಾನ್ಯವಾಗಿ ಅಗ್ಗದ ದಾರಿ. ಬೇ ಏರಿಯಾದಲ್ಲೋ ಡಲ್ಲಾಸ್‌ನಲ್ಲೋ ಅಂಗಡಿ ಇಟ್ಟ ಕನ್ನಡಿಗರಿಗೂ, ಬೆಂಗಳೂರಲ್ಲೇ ಕೂತು ಡೆಲವೇರ್ ಕಂಪನಿ ನಡೆಸುವವರಿಗೂ ಈ ಲೆಕ್ಕ ಒಂದೇ. ಆದರೆ ಮೂಲ ಪತ್ರದಲ್ಲಿ ಏನಿರುತ್ತದೆ ಅನ್ನುವುದು ಮೂರೂ ರಾಜ್ಯಗಳಲ್ಲಿ ಬೇರೆ ಬೇರೆ. ಮೂರು ಕಡೆಯೂ ಸಲ್ಲಿಸಿ ನೋಡಿದ ಮೇಲೆ ಹೇಳುವುದಾದರೆ, ದುಡ್ಡು ಪೋಲಾಗುವುದು ಹೆಚ್ಚಾಗಿ ಇಲ್ಲೇ.

ಟೆಕ್ಸಾಸ್‌ನಿಂದ ಶುರು ಮಾಡೋಣ, ಎಡವುವುದಕ್ಕೆ ಅಲ್ಲೇ ಜಾಗ ಜಾಸ್ತಿ. ತಿದ್ದುಪಡಿಗೆ ಫಾರಂ 424, ಶುಲ್ಕ 150 ಡಾಲರ್. ಕಾರ್ಡಿನಲ್ಲಿ ಕಟ್ಟಿದರೆ ಮೇಲೆ ಶೇ 2.7. ರಿಜಿಸ್ಟರ್ಡ್ ಏಜೆಂಟ್ (ಕಂಪನಿಯ ಪರವಾಗಿ ಕಾನೂನು ಪತ್ರಗಳನ್ನು ಪಡೆಯುವವರು) ಅಥವಾ ಅವರ ವಿಳಾಸ ಮಾತ್ರ ಬದಲಾಗಿದ್ದರೆ 424 ಬೇಡ, ಫಾರಂ 401 ಸಾಕು, 15 ಡಾಲರ್. 424ರಲ್ಲೂ ಏಜೆಂಟ್ ಬದಲಾಯಿಸುವ ಕಲಂ ಇರುವುದರಿಂದ ಅದೇ ಸರಿಯಾದ ಫಾರಂ ಅಂದುಕೊಂಡು 135 ಡಾಲರ್ ಹೆಚ್ಚಿಗೆ ತೆರುವವರಿದ್ದಾರೆ. ಏಜೆಂಟಿನ ಒಪ್ಪಿಗೆಯನ್ನು ಬರಹದಲ್ಲಿ ಪಡೆದು ನಿಮ್ಮ ಕಡತದಲ್ಲಿ ಇಟ್ಟುಕೊಳ್ಳಿ. ವಿಳಾಸ ನಿಜವಾದ ಬೀದಿಯದ್ದಾಗಿರಬೇಕು, ಪೋಸ್ಟ್ ಬಾಕ್ಸ್ ನಡೆಯುವುದಿಲ್ಲ.

ಟೆಕ್ಸಾಸ್‌ನ ಮೂಲ ಪತ್ರದ ಮೂರನೇ ಕಲಮಿನಲ್ಲಿ ಮ್ಯಾನೇಜರುಗಳ, ಮ್ಯಾನೇಜರ್ ಇಲ್ಲದಿದ್ದರೆ ಮೆಂಬರುಗಳ, ಅಂದರೆ ಮಾಲೀಕರ, ಹೆಸರು ಇರುತ್ತದೆ. ಹಾಗಂತ ಒಬ್ಬ ಮ್ಯಾನೇಜರ್ ಹೋಗಿ ಇನ್ನೊಬ್ಬರು ಬಂದ ಮಾತ್ರಕ್ಕೆ 150 ಡಾಲರ್ ಕಟ್ಟಬೇಕಿಲ್ಲ. ಪ್ರತಿ ವರ್ಷ ಮೇ 15ಕ್ಕೆ ರಾಜ್ಯದ ತೆರಿಗೆ ನೋಡಿಕೊಳ್ಳುವ ಕಂಪ್ಟ್ರೋಲರ್ ಕಚೇರಿಗೆ ಕೊಡುವ ಪಬ್ಲಿಕ್ ಇನ್ಫರ್ಮೇಶನ್ ರಿಪೋರ್ಟ್‌ನಲ್ಲಿ ಹೊಸ ಹೆಸರು ಬರೆದರೆ ದಾಖಲೆ ಸರಿಹೋಗುತ್ತದೆ. ಮೇ ತನಕ ಕಾಯಲಾಗದೆ, ಸಾಲಕ್ಕೋ ಖಾತೆಗೋ ಬ್ಯಾಂಕು ಈಗಲೇ ಕೇಳುತ್ತಿದ್ದರೆ 424 ಸಲ್ಲಿಸಿ. ಮ್ಯಾನೇಜರುಗಳು ನಡೆಸುವ ಕಂಪನಿಯನ್ನು ಮೆಂಬರುಗಳೇ ನಡೆಸುವಂತೆ ಮಾಡುವುದಾದರೆ ಮಾತ್ರ 424 ಬಿಟ್ಟರೆ ಗತಿಯಿಲ್ಲ.

424 ತುಂಬುವಾಗ ಒಂದು ಕಡೆ ಎಚ್ಚರ. ಸೇರಿಸುವುದು, ಬದಲಿಸುವುದು, ತೆಗೆದುಹಾಕುವುದು ಎಂದು ಮೂರು ಚೌಕಗಳಿವೆ. ಬದಲಿಸುವ ಚೌಕಕ್ಕೆ ಗುರುತು ಹಾಕಿ ‘ಮೂರನೇ ಕಲಂ ಬದಲಾಗಿದೆ’ ಎಂದು ಒಂದು ಸಾಲು ಬರೆದರೆ ಸಾಲದು. ಬದಲಾದ ಮೇಲೆ ಆ ಕಲಂ ಹೇಗೆ ಓದಿಸಿಕೊಳ್ಳಬೇಕೋ ಹಾಗೆ, ಹೆಸರು ವಿಳಾಸ ಸಮೇತ ಇಡಿಯಾಗಿ ಬರೆಯಬೇಕು. ಅಂಚೆಯಲ್ಲಿ ಕಳಿಸುವುದಾದರೆ ಎರಡು ಪ್ರತಿ ಇಡಿ.

ಕ್ಯಾಲಿಫೋರ್ನಿಯ ಇಷ್ಟು ಗೋಜಲಲ್ಲ. ಫಾರಂ ಎಲ್‌ಎಲ್‌ಸಿ-2, 30 ಡಾಲರ್, ರಾಜ್ಯದ ಬಿಜ್‌ಫೈಲ್ ಜಾಲತಾಣದಲ್ಲೇ ಮುಗಿಯುತ್ತದೆ. ಹೆಸರು ಬದಲಾದರೆ, ಅಥವಾ ಆಡಳಿತ ಒಬ್ಬ ಮ್ಯಾನೇಜರ್‌ದೋ, ಒಬ್ಬರಿಗಿಂತ ಹೆಚ್ಚು ಮ್ಯಾನೇಜರುಗಳದೋ, ಎಲ್ಲ ಮೆಂಬರುಗಳದೋ ಎಂಬುದು ಬದಲಾದರೆ ಇದು ಬೇಕು. ವಿಳಾಸ, ಏಜೆಂಟ್, ಮ್ಯಾನೇಜರುಗಳ ಹೆಸರು ಇವೆಲ್ಲ ಸ್ಟೇಟ್‌ಮೆಂಟ್ ಆಫ್ ಇನ್ಫರ್ಮೇಶನ್‌ಗೆ, ಅಂದರೆ ಎಲ್‌ಎಲ್‌ಸಿ-12ಕ್ಕೆ ಸೇರಿದ್ದು. ಅದು ಎರಡು ವರ್ಷಕ್ಕೊಮ್ಮೆ, 20 ಡಾಲರ್. ಎರಡು ಗಡುವುಗಳ ನಡುವೆ ಬರೀ ಬದಲಾವಣೆ ತಿಳಿಸಲು ಸಲ್ಲಿಸಿದರೆ ಶುಲ್ಕವೇ ಇಲ್ಲ. ಗಡುವು ಮರೆತರೆ ಮಾತ್ರ 250 ಡಾಲರ್ ದಂಡ. ಇದರಲ್ಲಿ ಬರೆದ ವಿಳಾಸ ಯಾರು ಬೇಕಾದರೂ ತೆರೆದು ನೋಡುವಂಥದ್ದು. ಮನೆಯ ವಿಳಾಸ ಹಾಕುವ ಮುಂಚೆ ಯೋಚಿಸಿ.

ಡೆಲವೇರ್‌ನ ಮೂಲ ಪತ್ರದಲ್ಲಿ ಕಂಪನಿಯ ಹೆಸರು, ಆ ರಾಜ್ಯದಲ್ಲಿರುವ ಏಜೆಂಟಿನ ಹೆಸರು ವಿಳಾಸ, ಇಷ್ಟಿದ್ದರೆ ಮುಗಿಯಿತು. ಮಾಲೀಕರು ಬದಲಾದರೂ ಮ್ಯಾನೇಜರ್ ಬದಲಾದರೂ ರಾಜ್ಯಕ್ಕೆ ತಿದ್ದುಪಡಿ ಕಳಿಸುವ ಅಗತ್ಯವಿಲ್ಲ, ಮಾಲೀಕರ ನಡುವಿನ ಒಳ ಒಪ್ಪಂದವಾದ ಆಪರೇಟಿಂಗ್ ಅಗ್ರಿಮೆಂಟಿನಲ್ಲಿ ತಿದ್ದಿ ಸಹಿ ಹಾಕಿಟ್ಟುಕೊಂಡರೆ ಆಯಿತು. ಹೆಸರು ಬದಲಾದರೆ ಒಂದೇ ಪುಟದ ಪತ್ರ, 220 ಡಾಲರ್. ಮೂರರಲ್ಲಿ ಬರೆಯುವುದು ಅತಿ ಕಡಿಮೆ ಇಲ್ಲೇ, ಬೆಲೆ ಅತಿ ಹೆಚ್ಚು ಇಲ್ಲೇ. ಅರ್ಜಿ ನಿಲ್ಲುವುದು ಬೇರೆ ಕಾರಣಕ್ಕೆ: ಜೂನ್ 1ಕ್ಕೆ ಕಟ್ಟಬೇಕಾದ ವಾರ್ಷಿಕ 300 ಡಾಲರ್ ತೆರಿಗೆ ಬಾಕಿಯಿದ್ದು ಕಂಪನಿಯ ಗುಡ್ ಸ್ಟ್ಯಾಂಡಿಂಗ್ (ಬಾಕಿಯಿಲ್ಲದ ಸ್ಥಿತಿ) ಹೋಗಿದ್ದರೆ ತಿದ್ದುಪಡಿಯನ್ನು ತೆಗೆದುಕೊಳ್ಳುವುದಿಲ್ಲ. ಬಾಕಿಯ ಜೊತೆ 200 ಡಾಲರ್ ದಂಡ, ತಿಂಗಳಿಗೆ ಶೇ 1.5 ಬಡ್ಡಿ ತೀರಿಸಿ ಆಮೇಲೆ ಅರ್ಜಿ. ಇದೇ ಡೆಲವೇರ್ ಕಂಪನಿ ಕ್ಯಾಲಿಫೋರ್ನಿಯದಲ್ಲೂ ನೋಂದಾಯಿತವಾಗಿದ್ದರೆ ಹೊಸ ಹೆಸರನ್ನು ಅಲ್ಲಿಯೂ ದಾಖಲಿಸಬೇಕು, ಇಲ್ಲವಾದರೆ ಒಂದೇ ಕಂಪನಿಗೆ ಎರಡು ರಾಜ್ಯದಲ್ಲಿ ಎರಡು ಹೆಸರು.

ಅವಸರವಿದ್ದರೆ ಟೆಕ್ಸಾಸ್‌ಗೆ ಸಾಟಿಯಿಲ್ಲ: 25 ಡಾಲರ್ ಹೆಚ್ಚಿಗೆ ಕೊಟ್ಟರೆ ಅರ್ಜಿ ಮುಂದಿನ ಸಾಲಿಗೆ ಬರುತ್ತದೆ. ಕ್ಯಾಲಿಫೋರ್ನಿಯದಲ್ಲಿ 24 ಗಂಟೆಯ ಸೇವೆಗೆ 350 ಡಾಲರ್, ಮೂಲ ಶುಲ್ಕದ ಹತ್ತು ಪಟ್ಟಿಗೂ ಮೀರಿದ್ದು. ಬ್ಯಾಂಕಿನ ಗಡುವು ಕುತ್ತಿಗೆಗೆ ಬಂದಿದ್ದರೆ ಹೊರತು ಬೇಡ.

ಮೂಲ ಪತ್ರ ಬರೆಯುವಾಗಲೇ ಅಕ್ಷರ ತಪ್ಪಿದ್ದರೆ ತಿದ್ದುಪಡಿಗಿಂತ ಕರೆಕ್ಷನ್ ಸರಿ. ಅದು ಮೂಲ ತಾರೀಖಿನಿಂದಲೇ ತಪ್ಪನ್ನು ಸರಿಪಡಿಸುತ್ತದೆ. ಟೆಕ್ಸಾಸ್‌ನಲ್ಲಿ ಫಾರಂ 403ಕ್ಕೆ ಬರೀ 15 ಡಾಲರ್. ಡೆಲವೇರ್‌ನಲ್ಲಿ ಇದಕ್ಕೂ 220.

ಕಾಗದದಲ್ಲೋ ಪಿಡಿಎಫ್‌ನಲ್ಲೋ ಸಲ್ಲಿಸುವವರ ಅರ್ಜಿ ವಾಪಸ್ ಬರುವುದು ಎಷ್ಟೋ ಸಲ ಒಂದು ಅಲ್ಪವಿರಾಮಕ್ಕೆ. ಮೂಲ ಪತ್ರದಲ್ಲಿ ‘ಫುಡ್ಸ್, ಎಲ್‌ಎಲ್‌ಸಿ’ ಎಂದು ಅಲ್ಪವಿರಾಮ ಇರುತ್ತದೆ. ಅಮೆರಿಕದ ತೆರಿಗೆ ಇಲಾಖೆಯಾದ ಐಆರ್‌ಎಸ್, ಕಂಪನಿಯ ತೆರಿಗೆ ಸಂಖ್ಯೆಯಾದ ಇಐಎನ್ ಕೊಡುವಾಗ ಅಲ್ಪವಿರಾಮ ಸ್ವೀಕರಿಸುವುದಿಲ್ಲ, ಹಾಗಾಗಿ ಅವರ ಪತ್ರದಲ್ಲಿ ‘ಫುಡ್ಸ್ ಎಲ್‌ಎಲ್‌ಸಿ’ ಎಂದಷ್ಟೇ ಇರುತ್ತದೆ. ಕೈಗೆ ಸಿಗುವ ಆ ಪತ್ರ ನೋಡಿ ಹೆಸರು ಬರೆದರೆ ರಾಜ್ಯದ ದಾಖಲೆಗೆ ತಾಳೆಯಾಗುವುದಿಲ್ಲ. ಹಳೆಯ ಹೆಸರನ್ನು ರಾಜ್ಯದ ತಾಣದಲ್ಲಿ ಹುಡುಕಿ, ಅಲ್ಲಿಂದಲೇ ಚುಕ್ಕೆ ಸಮೇತ ನಕಲಿಸಿ.

ತಿದ್ದುಪಡಿ ಮುದ್ರೆ ಬಿದ್ದು ಬಂದ ಮೇಲೆ ಐಆರ್‌ಎಸ್, ಆಮೇಲೆ ಬ್ಯಾಂಕು. ಹೆಸರು ಬದಲಾದ ಮಾತ್ರಕ್ಕೆ ಇಐಎನ್ ಬದಲಾಗುವುದಿಲ್ಲ. ಪಾಲುದಾರಿಕೆಯಾಗಿ ತೆರಿಗೆ ಕಟ್ಟುವ ಎಲ್‌ಎಲ್‌ಸಿ ಆ ವರ್ಷದ ಫಾರಂ 1065ರ ಮೊದಲ ಪುಟದಲ್ಲಿ ಹೆಸರು ಬದಲಾವಣೆಯ ಚೌಕಕ್ಕೆ ಗುರುತು ಹಾಕಬೇಕು. ಒಬ್ಬರದೇ ಕಂಪನಿಯಾದರೆ ಸಹಿ ಮಾಡಿದ ಪತ್ರ ಕಳಿಸಬೇಕು. ಇಐಎನ್‌ಗೆ ಹೊಣೆಯಾದ ವ್ಯಕ್ತಿಯೇ ಬದಲಾಗಿದ್ದರೆ ಫಾರಂ 8822-ಬಿ, 60 ದಿನದೊಳಗೆ. ಡೆಲವೇರ್‌ನವರು ಮರೆಯುವುದು ಇದನ್ನೇ, ರಾಜ್ಯಕ್ಕೆ ಏನೂ ಕಳಿಸಬೇಕಾಗಿರಲಿಲ್ಲವಲ್ಲ.