ನಮ್ಮ 1998ರ ಓಮ್ನಿಗೆ ನಂಬರ್ ಬೀಗ: ಎರಡು ವರ್ಷ ಬಳಸಿದ ಮೇಲೆ

ನಮ್ಮದು ರೊಟ್ಟಿ ವ್ಯಾಪಾರ. ದಾವಣಗೆರೆಯ ನಿಟ್ಟುವಳ್ಳಿಯ ಮನೆಯಲ್ಲೇ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಮಾಡಿ ಮದುವೆ ಮನೆಗಳಿಗೂ ಖಾನಾವಳಿಗಳಿಗೂ ಕೊಡುತ್ತೇವೆ. ಸಾಗಿಸೋಕೆ ಇರುವುದು ಒಂದೇ ಗಾಡಿ, 1998ರ ಬಿಳಿ ಮಾರುತಿ ಓಮ್ನಿ. ಬೆಳಗ್ಗೆ ನಾನು ಓಡಿಸುತ್ತೇನೆ, ಸಂಜೆ ನಮ್ಮ ಮನೆಯವರು, ರಜೆ ದಿನ ಭಾವನ ಮಗ.

ಎರಡು ವರ್ಷದ ಹಿಂದೆ ವಿದ್ಯಾನಗರದ ಒಂದು ಕಲ್ಯಾಣ ಮಂಟಪಕ್ಕೆ ರೊಟ್ಟಿ ತಗೊಂಡು ಹೋಗಿದ್ದೆ. ಎರಡು ಬುಟ್ಟಿ ಇಳಿಸಿ ಲೆಕ್ಕ ಬರೆಸೋಕೆ ಒಳಗೆ ಹೋದೆ. ಹೊರಗೆ ಬಂದರೆ ಗಾಡಿ ಇಲ್ಲ! ಅಲ್ಲೇ ಮೂರು ಗಾಡಿ ಆಚೆಗೆ ಇನ್ನೊಂದು ಬಿಳಿ ಓಮ್ನಿ ನಿಂತಿತ್ತು. ಮಂಟಪಕ್ಕೆ ಹೂವಿನ ಅಲಂಕಾರ ಮಾಡಲು ಬಂದಿದ್ದ ಹುಡುಗ ತನ್ನದೇ ಗಾಡಿ ಅಂದುಕೊಂಡು ನಮ್ಮದನ್ನು ಓಡಿಸಿಕೊಂಡು ಹೋಗಿದ್ದ. ಗುಂಡಿ ಸರ್ಕಲ್‌ವರೆಗೆ ಹೋದ ಮೇಲೆ ಹಿಂದೆ ರೊಟ್ಟಿ ಬುಟ್ಟಿ ನೋಡಿ, ಗಾಬರಿಯಾಗಿ ವಾಪಸ್ ಬಂದ. ಪಾಪ, ಅವನ ಕೈ ನಡುಗುತ್ತಿತ್ತು, ನನ್ನದೂ ನಡುಗುತ್ತಿತ್ತು. ಅವನ ಗಾಡಿಯ ಕೀಲಿಗೆ ನಮ್ಮ ಬಾಗಿಲೂ ತೆಗೆದಿತ್ತು, ಎಂಜಿನ್ನೂ ಸ್ಟಾರ್ಟ್ ಆಗಿತ್ತು.

ಇಪ್ಪತ್ತೈದು ವರ್ಷ ಕೀಲಿ ತಿರುಗಿಸಿ ತಿರುಗಿಸಿ ಬೀಗದೊಳಗಿನ ಹಿತ್ತಾಳೆ ತಗಡುಗಳು ಸವೆದಿರುತ್ತವಂತೆ. ಹಾಗೆ ಸವೆದ ಬೀಗಕ್ಕೆ ಸುಮಾರಾಗಿ ಹೊಂದುವ ಯಾವ ಕೀಲಿಯೂ ಸಾಕು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಗಾಡಿ ಹೋದರೆ ನಮ್ಮ ಒಲೆ ಆರಿದ ಹಾಗೇ.

ಈಗಿನ ಗಾಡಿಗಳಿಗೆ ಈ ಚಿಂತೆ ಕಮ್ಮಿ. ಕೀಲಿಯೊಳಗೆ ಚಿಪ್ ಇರುತ್ತದೆ, ಅದನ್ನು ಗುರುತು ಹಿಡಿದರೆ ಮಾತ್ರ ಎಂಜಿನ್ ಸ್ಟಾರ್ಟ್ ಆಗುತ್ತದೆ. ಮಾರುತಿಯವರೇ ಆಮೇಲಿನ ಗಾಡಿಗಳಲ್ಲಿ ಐಕ್ಯಾಟ್ಸ್ ಅಂತ ಅದನ್ನು ಕೊಟ್ಟರು. ಯುರೋಪಿನಲ್ಲಿ ಹೊಸ ಕಾರುಗಳಿಗೆ ಇಂಥ ಎಂಜಿನ್ ತಡೆ, ಅಂದರೆ ಇಮ್ಮೊಬಿಲೈಸರ್, ಕಡ್ಡಾಯವಾಗಿದ್ದೇ 1998ರಲ್ಲಿ, ಅಂದರೆ ನಮ್ಮ ಓಮ್ನಿ ಹುಟ್ಟಿದ ವರ್ಷ. ಅದಕ್ಕೂ ಮೊದಲು ಅಲ್ಲಿನ ಕೆಲವು ಪೆಜೊ, ಸಿಟ್ರೊಯೆನ್ ಕಾರುಗಳಿಗೆ ಕಂಪನಿಯಿಂದಲೇ ನಂಬರ್ ಒತ್ತುವ ಕೀಪ್ಯಾಡ್ ಬರುತ್ತಿತ್ತು. ನಾವು ಹಾಕಿಸಿದ್ದು ಅದೇ ಬಗೆಯದು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತರಿಸಿದೆವು. ಕೀಪ್ಯಾಡಿಗೆ 3,400 ರೂಪಾಯಿ, ಕೂರಿಸಿದ್ದಕ್ಕೆ 800.

ಕೆಲಸ ಮಾಡುವ ರೀತಿ ಸರಳ. ಕೀಲಿ ಆಫ್ ಮಾಡಿದ 40 ಸೆಕೆಂಡಿಗೆ ತಾನೇ ಲಾಕ್ ಆಗುತ್ತದೆ, ಕೆಂಪು ಲೈಟ್ ಮಿನುಗುತ್ತದೆ. ಮತ್ತೆ ಕೀಲಿ ತಿರುಗಿಸಿದರೆ ಬೀಪ್ ಅನ್ನುತ್ತದೆ. ನಾಲ್ಕು ಅಂಕಿ ಒತ್ತಿ ಹಸಿರು ಲೈಟ್ ಬಂದರೆ ಸ್ಟಾರ್ಟ್. ಇಲ್ಲದಿದ್ದರೆ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲ್‌ಗೂ ಕರೆಂಟ್ ಹೋಗಲ್ಲ, ಸ್ಟಾರ್ಟರ್ ಮೋಟರೂ ತಿರುಗಲ್ಲ. ಸ್ಟಾರ್ಟರ್ ಒಂದನ್ನೇ ತಡೆದರೆ ಸಾಲದಾ ಅಂತ ಕೇಳಿದ್ದೆ. ಸಾಲದು, ತಳ್ಳಿ ಸ್ಟಾರ್ಟ್ ಮಾಡಿಬಿಡಬಹುದು. ಕಾಯಿಲ್‌ಗೂ ತಡೆ ಇದ್ದರೆ ಎಷ್ಟು ತಳ್ಳಿದರೂ ಕಿಡಿ ಬರಲ್ಲ. ಇಂಜೆಕ್ಷನ್ ಗಾಡಿಗಳಲ್ಲಿ ಪೆಟ್ರೋಲ್ ಪಂಪನ್ನೂ ತಡೆಯಬಹುದು. ನಮ್ಮದು ಕಾರ್ಬುರೇಟರ್ ಗಾಡಿ, ಪಂಪು ಎಂಜಿನ್ನಿನಿಂದಲೇ ತಿರುಗುವುದು, ಅದಕ್ಕೆ ವೈರೇ ಇಲ್ಲ.

ಮೊದಲ ತಿಂಗಳು ಕಷ್ಟವಾಯಿತು. ರೈಲ್ವೆ ಗೇಟ್ ಬಿದ್ದಾಗ ಎಂಜಿನ್ ಆಫ್ ಮಾಡುತ್ತೇವಲ್ಲ, ಗೇಟ್ ಎತ್ತುವಷ್ಟರಲ್ಲಿ 40 ಸೆಕೆಂಡು ಎಂದೋ ಮುಗಿದಿರುತ್ತದೆ. ಹಿಂದೆ ಆಟೋಗಳ ಹಾರನ್ನು, ನಾನು ನಂಬರ್ ಮರೆತು ಬರೀ ಕೀಲಿ ತಿರುಗಿಸುತ್ತಿದ್ದೆ. ಗಾಬರಿಯಲ್ಲಿ ಮೂರು ಸಲ ತಪ್ಪು ಒತ್ತಿದರೆ ಐದು ನಿಮಿಷ ಏನೂ ಮಾಡುವಂತಿಲ್ಲ, ಸುಮ್ನೆ ಕಾಯಬೇಕು. ಆಮೇಲೆ ಕೈಗೆ ರೂಢಿಯಾಯಿತು. ಈಗ ಗೇಟ್‌ಮ್ಯಾನ್ ಕೈ ಹಾಕಿದ್ದು ಕಂಡ ಕೂಡಲೇ ನಂಬರ್ ಒತ್ತಿರುತ್ತೇನೆ. ಪಕ್ಕದಲ್ಲಿ ಅತ್ತೆಮ್ಮ ಕೂತಿದ್ದರೆ ಅವರೇ "ಒತ್ತಿದ್ಯೇನವ್ವ?" ಅಂತ ಕೇಳುತ್ತಾರೆ.

ಕೊಳ್ಳುವವರಿಗೆ ಒಂದು ಮಾತು. ಬೇರೆ ಬೇರೆ ಪ್ಲಾಸ್ಟಿಕ್ ಗುಂಡಿ ಇರುವುದು ಬೇಡ, ಒಂದೇ ರಬ್ಬರ್ ಹಾಳೆಯ ಕೀಪ್ಯಾಡ್ ತಗೊಳ್ಳಿ. ನನ್ನ ಕೈಯಲ್ಲಿ ಯಾವಾಗಲೂ ಜೋಳದ ಹಿಟ್ಟು ಇರುತ್ತದೆ. ರಬ್ಬರ್ ಆಗಿರುವುದರಿಂದ ಒಳಗೆ ಇಳಿಯಲ್ಲ, ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಅಂಕಿಗಳ ಹಿಂದೆ ಬೆಳಕೂ ಇರಬೇಕು. ಬೆಳಗಿನ ಜಾವ ನಾಲ್ಕಕ್ಕೆ ಮದುವೆ ಮನೆಗೆ ಹೊರಡುವಾಗ ಅದರ ಬೆಲೆ ತಿಳಿಯುತ್ತದೆ.

ಆದರೆ ಒಂದೂವರೆ ವರ್ಷಕ್ಕೆ ಅಂಕಿಗಳ ಅಚ್ಚು ಸವೆಯಿತು. ಅದೂ ನಾವು ಒತ್ತುವ ನಾಲ್ಕರದ್ದು ಮಾತ್ರ! ಯಾರು ನೋಡಿದರೂ ಯಾವ ಅಂಕಿಗಳೆಂದು ಗೊತ್ತಾಗುವ ಹಾಗಿತ್ತು. ಭಾವನ ಮಗ ಪಿಯು ಸೈನ್ಸ್ ಓದುತ್ತಾನೆ, ಹಾಳೆ ತಗೊಂಡು ಲೆಕ್ಕ ಹಾಕಿದ. ನಾಲ್ಕು ಅಂಕಿಯಲ್ಲಿ ಒಟ್ಟು 10,000 ನಂಬರ್ ಆಗಬಹುದು. ಯಾವ ನಾಲ್ಕು ಅಂಕಿ ಅಂತ ತಿಳಿದುಬಿಟ್ಟರೆ ಉಳಿಯುವುದು ಬರೀ 24. "ಚಿಕ್ಕಮ್ಮ, ಒಂದು ಅಂಕಿನ ಎರಡು ಸಲ ಬರೋ ಹಂಗೆ ಇಟ್ರೆ ಮೂರೇ ಗುಂಡಿ ಸವೀತಾವೆ, ಆದ್ರೆ 36 ಥರ ಆಗ್ತಾವೆ" ಅಂದ. ಅಂಕಿ ಕಮ್ಮಿಯಾದರೆ ಸುಲಭ ಆಗಬೇಕಲ್ವಾ ಅಂತ ನಾನು ನಂಬಲಿಲ್ಲ. ಅವನು ಮೂವತ್ತಾರನ್ನೂ ಬರೆದು ತೋರಿಸಿದ. ಅಂದಿನಿಂದ ವರ್ಷಕ್ಕೆ ಎರಡು ಸಲ ನಂಬರ್ ಬದಲಿಸುತ್ತೇವೆ, ಯುಗಾದಿಗೆ ಒಮ್ಮೆ, ಆಯುಧ ಪೂಜೆಗೆ ಒಮ್ಮೆ. ಗಾಡಿ ತೊಳೆದು, ಕುಂಬಳಕಾಯಿ ಒಡೆದು, ಆಮೇಲೆ ಹೊಸ ನಂಬರ್. ಆರಿಸುವುದು ಅತ್ತೆಮ್ಮನೇ.

ಮೊದಲು ನಾವು ಇಟ್ಟಿದ್ದು ಗಾಡಿಯ ನಂಬರ್ ಪ್ಲೇಟಿನದೇ ನಾಲ್ಕು ಅಂಕಿ. ನೆನಪಿರಲಿ ಅಂತ ಹಾಗೆ ಮಾಡಿದ್ದೆವು. ದಯವಿಟ್ಟು ನೀವು ಹಾಗೆ ಮಾಡಬೇಡಿ. ಹುಟ್ಟಿದ ವರ್ಷ, ಫೋನಿನ ಕೊನೆಯ ನಾಲ್ಕು ಅಂಕಿ ಕೂಡ ಬೇಡ. ಗ್ಯಾರೇಜಿಗೋ ಆರ್‌ಟಿಒಗೋ ಬಿಡುವಾಗ ನಂಬರ್ ಹೇಳಬೇಕಾಗಿಲ್ಲ. ವ್ಯಾಲೆ ಮೋಡ್ ಅಂತ ಇದೆ, ಅದರಲ್ಲಿಟ್ಟರೆ ಬರೀ ಕೀಲಿಗೇ ಓಡುತ್ತದೆ. ಮನೆಗೆ ಬಂದ ತಕ್ಷಣ ತೆಗೆಯಬೇಕು, ಅಷ್ಟೇ.

ಈಗ ನನಗೆ ತುಂಬಾ ಬೇಜಾರಾದ ವಿಷಯ. ಹಾಕಿಸಿ ಎಂಟು ತಿಂಗಳಾಗಿತ್ತು. ಏಪ್ರಿಲ್ ಬಿಸಿಲು. ಚಿತ್ರದುರ್ಗಕ್ಕೆ ಆರ್ಡರ್ ಇತ್ತು. ಹೈವೇಯಲ್ಲಿ ಆನಗೋಡು ದಾಟಿದ್ದೇ ತಡ, ಓಡುತ್ತಿದ್ದ ಗಾಡಿ ಒಮ್ಮೆಲೇ ಸತ್ತು ಹೋಯಿತು. ಹಿಂದೆ ಲಾರಿ. ಹೇಗೋ ಎಡಕ್ಕೆ ಎಳೆದು ನಿಲ್ಲಿಸಿದೆ. ನಂಬರ್ ಒತ್ತಿದರೆ ಹಸಿರು ಲೈಟ್ ಬರುತ್ತದೆ, ಎಂಜಿನ್ ಮಾತ್ರ ಇಲ್ಲ. ಕೊನೆಗೆ ಬಾಡಿಗೆ ಗಾಡಿ ಕರೆಸಿ ರೊಟ್ಟಿ ಕಳಿಸಬೇಕಾಯಿತು.

ಬೇರೆ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡಿದರು. ಕೀಪ್ಯಾಡಿನದು ಏನೂ ತಪ್ಪಿರಲಿಲ್ಲ. ಮೊದಲು ಕೂರಿಸಿದ ಅಂಗಡಿಯವರು ಕಾಯಿಲ್‌ಗೆ ಹೋಗುವ ವೈರನ್ನು ಕತ್ತರಿಸಿ, ಕೈಯಲ್ಲಿ ಹೊಸೆದು, ಟೇಪ್ ಸುತ್ತಿ ಬಿಟ್ಟಿದ್ದರು. ಓಮ್ನಿಯಲ್ಲಿ ಎಂಜಿನ್ ಇರುವುದೇ ಮುಂದಿನ ಸೀಟಿನ ಕೆಳಗೆ. ಆ ಶಾಖಕ್ಕೆ ಟೇಪಿನ ಅಂಟು ಕರಗಿ, ಗಾಡಿ ಅದುರಿ, ಹೊಸೆದ ವೈರ್ ಬಿಚ್ಚಿಕೊಂಡಿತ್ತು. "ಅಕ್ಕ, ಇದು ಗಾಡಿ ನಿಲ್ಲಿಸೋ ವೈರು. ಇದ್ರಾಗೆ ಅರ್ಧಂಬರ್ಧ ಕೆಲಸ ಮಾಡಬಾರದು" ಅಂದರು. ಪ್ರತಿ ಜಾಯಿಂಟನ್ನೂ ಬೆಸುಗೆ ಹಾಕಿ, ಬಿಸಿ ಮಾಡಿದರೆ ಬಿಗಿಯುವ ಸ್ಲೀವ್ ಹಾಕಿದರು. ಕರೆಂಟ್ ಬಿಡುವ, ತಡೆಯುವ ಸ್ವಿಚ್ಚಾದ ರಿಲೇಯನ್ನು ಸೀಟಿನ ಕೆಳಗಿಂದ ತೆಗೆದು ಡ್ಯಾಶ್‌ಬೋರ್ಡ್ ಹಿಂದೆ ತಂಪು ಜಾಗದಲ್ಲಿ ಸ್ಕ್ರೂ ಮಾಡಿದರು. 600 ರೂಪಾಯಿ ತಗೊಂಡರು. ನಾನು ಪಕ್ಕದಲ್ಲೇ ನಿಂತು ನೋಡಿದೆ. ಆಮೇಲೆ ಒಮ್ಮೆಯೂ ನಿಂತಿಲ್ಲ. ಹಾಗಾಗಿ ಯಾರು ಕೇಳಿದರೂ ಯಾವ ಕೀಪ್ಯಾಡ್ ಅನ್ನೋದಕ್ಕಿಂತ ಯಾರು ಕೂರಿಸುತ್ತಾರೆ ನೋಡಿ ಅನ್ನುತ್ತೇನೆ. ಬೆಸುಗೆ ಹಾಕ್ತೀರಾ ಅಂತ ಮೊದಲೇ ಕೇಳಿ.

ಬ್ಯಾಟರಿ ಕಥೆಯೂ ಇದೆ. ಆಷಾಢದಲ್ಲಿ ಮದುವೆ ಇಲ್ಲ, ನಮಗೆ ಆರ್ಡರ್ ಇಲ್ಲ. ಗಾಡಿ ಇಪ್ಪತ್ತು ದಿನ ನಿಂತಿತ್ತು, ಬ್ಯಾಟರಿ ಪೂರ್ತಿ ಇಳಿದಿತ್ತು. ಮೀಟರ್ ಇಟ್ಟು ನೋಡಿದರೆ, ಗಾಡಿ ನಿಂತಿದ್ದಾಗಲೂ ಇದು 20 ಮಿಲಿಆಂಪ್ ಎಳೆಯುತ್ತದೆ. ದಿನಕ್ಕೆ ಹೆಚ್ಚುಕಮ್ಮಿ ಅರ್ಧ ಆಂಪಿಯರ್ ಅವರ್, ಇಪ್ಪತ್ತು ದಿನಕ್ಕೆ ಹತ್ತರ ಹತ್ತಿರ. ನಮ್ಮದು 35 ಆಂಪಿಯರ್ ಅವರ್ ಬ್ಯಾಟರಿ, ಅದೂ ಹಳೆಯದು. ಈಗ ಆಷಾಢದಲ್ಲಿ ನಾಲ್ಕು ದಿನಕ್ಕೊಮ್ಮೆ ಹರಿಹರದವರೆಗೆ ಓಡಿಸಿಕೊಂಡು ಬರುತ್ತೇವೆ. ಬ್ಯಾಟರಿ ಬಿಚ್ಚಿ ಹಾಕಿದರೆ ಲಾಕ್ ಹೋಗಿಬಿಡುತ್ತದೆ ಅಂತ ನನಗೆ ಭಯವಿತ್ತು. ಹೋಗಲ್ಲ, ಮತ್ತೆ ನಂಬರ್ ಕೇಳುತ್ತದೆ.

ಇನ್ಶೂರೆನ್ಸಿನಲ್ಲಿ ಲಾಭವಾಗುತ್ತದೆ ಅಂತ ಹಾಕಿಸಬೇಡಿ. ಎಆರ್‌ಎಐ ಅನ್ನುವ ವಾಹನ ಪರೀಕ್ಷಾ ಸಂಸ್ಥೆ ಒಪ್ಪಿದ ಕಳ್ಳತನ ತಡೆಯುವ ಸಾಧನಕ್ಕೆ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 2.5, ಅದೂ 500 ರೂಪಾಯಿ ಮೀರದಂತೆ ರಿಯಾಯಿತಿ ಅಂತ ವಿಮೆ ದರಪಟ್ಟಿಯಾದ 2002ರ ಮೋಟಾರ್ ಟ್ಯಾರಿಫ್‌ನಲ್ಲಿದೆ. ನಮ್ಮಂಥ ಹಳೇ ಗಾಡಿಗೆ ಇರುವುದೇ ಥರ್ಡ್ ಪಾರ್ಟಿ, ಏನೂ ಸಿಗಲ್ಲ. ಗಾಜು ಒಡೆದು ಸಾಮಾನು ಒಯ್ಯುವವರನ್ನೂ, ಎಳೆದುಕೊಂಡು ಹೋಗುವವರನ್ನೂ ಇದು ತಡೆಯಲ್ಲ.

ಆದರೂ ನಾನು ಮತ್ತೆ ಹಾಕಿಸುತ್ತೇನೆ. ರಾತ್ರಿ ಎದ್ದು ಕಿಟಕಿಯಿಂದ ಗಾಡಿ ಇದೆಯಾ ಅಂತ ನೋಡುವುದು ನಿಂತಿದೆ. ಎದ್ದರೂ ಆ ಕೆಂಪು ಲೈಟ್ ಮಿನುಗುವುದು ಕಂಡರೆ ಹೋಗಿ ಮಲಗುತ್ತೇನೆ.

ಹೋದ ತಿಂಗಳು ಎಂ.ಸಿ.ಸಿ. ಬಿ ಬ್ಲಾಕಿನ ಒಂದು ಮದುವೆಯಲ್ಲಿ ಅದೇ ಹೂವಿನ ಹುಡುಗ ಸಿಕ್ಕಿದ. ನಾನೇ ಕರೆದು, ನಿನ್ನ ಕೀಲಿ ಹಾಕಿ ನೋಡಪ್ಪ ಅಂದೆ. ಹಿಂಜರಿಯುತ್ತಲೇ ಹಾಕಿದ. ಕೀಲಿ ತಿರುಗಿತು, ಬೀಪ್ ಅಂದಿತು, ಸ್ಟಾರ್ಟರ್ ಕಿಟಕ್ ಅನ್ನಲಿಲ್ಲ. ಎರಡು ಸಲ ನೋಡಿದ, ಮೂರು ಸಲ ನೋಡಿದ. ಇಳಿದವನು "ಅಕ್ಕ, ಗಾಡಿ ಏನೋ ಸ್ಟಾರ್ಟ್ ಆಗಲ್ಲ. ಬಾಗಿಲು ಈಗ್ಲೂ ತೆಗಿತೈತೆ ನೋಡ್ರಿ" ಅಂದ. ಬಾಗಿಲಿನ ಬೀಗ ಬದಲಿಸಲು ಎಲೆಕ್ಟ್ರಿಷಿಯನ್ ಅಣ್ಣನ ಪಕ್ಕದ ಅಂಗಡಿಯಲ್ಲಿ ಹೇಳಿ ಬಂದಿದ್ದೇನೆ. ಬುಧವಾರ ಹಾಕುತ್ತಾರೆ.